ದ್ರಾಕ್ಷಿ ತೋಟಕ್ಕೆ ವೈನ್ ರುಚಿ ನೋಡಲು, ಊಟ ಮಾಡಲು ಹೋದವರು ಅನುಭವ ಹೇಳಿ

ಕೇಳಿದವರು, ಬಳ್ಳಾರಿ:
ಜನವರಿ ಕೊನೆಯಲ್ಲಿ ಒಂದು ಶನಿವಾರ, ಭಾನುವಾರ ವೈನ್ ತೋಟಕ್ಕೆ ಹೋಗಬೇಕು ಅಂದುಕೊಂಡಿದ್ದೇವೆ. ನಾನು, ಹೆಂಡತಿ, ಅಣ್ಣ, ಅತ್ತಿಗೆ. ಜೊತೆಗೆ ಅಮ್ಮನೂ ಬರುತ್ತಾರೆ. ಅಮ್ಮ ಕುಡಿಯುವುದಿಲ್ಲ, ಮಾಂಸ ಮುಟ್ಟುವುದಿಲ್ಲ. ನಾವು ನಾಲ್ವರೂ ವೈನಿಗೆ ಹೊಸಬರು. ಎಲ್ಲಿಗೆ ಹೋಗುವುದು, ಏನೇನು ಮೊದಲೇ ವಿಚಾರಿಸಬೇಕು?

ಗಂಗಾವತಿಯಿಂದ:
ಫೋನ್ ಮಾಡದೆ ಹೊರಡಬೇಡಿ. ನಾವು ಹಾಗೇ ಹೋಗಿ ಕೆಟ್ಟೆವು. ಮೂರು ತಾಸು ಗಾಡಿಯಲ್ಲಿ ಕೂತು ಹೋದರೆ ಗೇಟ್ ಮುಚ್ಚಿತ್ತು. ಕಾವಲಿನವನು ಪಾಪ, ನೀರು ಕೊಟ್ಟು ಕಳಿಸಿದ. ಮಕ್ಕಳು ಹಸಿದು ಅಳುತ್ತಿದ್ದರು, ದಾರಿಯ ಢಾಬಾದಲ್ಲಿ ಊಟ ಆಯಿತು. ವೈನ್ ಮಾಡುವ ಜಾಗ ಎಲ್ಲವೂ ಜನರನ್ನು ಒಳಗೆ ಬಿಡುವುದಿಲ್ಲ. ನಮ್ಮ ಹಂಪಿ ಭಾಗದಲ್ಲೇ ಕ್ರಿಸ್ಮಾ ಎಸ್ಟೇಟ್ಸ್ ಇದೆ, ಅವರಿಗೆ ಮೊದಲು ಫೋನ್ ಹಚ್ಚಿ. ಒಪ್ಪಿದರೆ ನಿಮಗೆ ಅದೇ ಹತ್ತಿರ. ಇಲ್ಲವಾದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ. ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಜಂಪಾ ಇದೆ, ಚನ್ನಪಟ್ಟಣದ ಕಡೆ ಸುಲಾದವರ ತೋಟ ಇದೆ. ಎಲ್ಲೇ ಆದರೂ ತೋಟ ಸುತ್ತಿಸುವ ಹೊತ್ತು, ಊಟ ಬೇರೆ ಬುಕ್ ಮಾಡಬೇಕಾ, ತಲೆಗೆ ಎಷ್ಟು, ಈ ಮೂರನ್ನು ಕೇಳಿಕೊಳ್ಳಿ.

ಕುಷ್ಟಗಿಯಿಂದ:
ನಾನು ತಿನ್ನುವ ದ್ರಾಕ್ಷಿ ಬೆಳೆಯುವವನು, ವೈನ್ ದ್ರಾಕ್ಷಿ ಅಲ್ಲ. ಆದರೂ ಹೇಳುತ್ತೇನೆ, ನೀವು ಹೊತ್ತು ಚೆನ್ನಾಗಿ ಆರಿಸಿದ್ದೀರಿ. ತೋಟ ನೋಡಬೇಕು ಅಂದರೆ ಜನವರಿಯಿಂದ ಮಾರ್ಚ್ ಒಳಗೇ ನೋಡಬೇಕು. ನಮ್ಮ ಬಿಸಿಲಿನಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ ಮಾಡುತ್ತೇವೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಯಲಿಕ್ಕೆ, ಸೆಪ್ಟೆಂಬರ್, ಅಕ್ಟೋಬರಿನದು ಹಣ್ಣಿಗೆ. ಏಪ್ರಿಲ್ ಕೊನೆಗೆ ಹೋದರೆ ಬೋಳು ಕಡ್ಡಿ ನೋಡಿ ಬರುತ್ತೀರಿ ಅಷ್ಟೇ.

ನಾನು ಮೊದಲ ಸಲ ಹೋದಾಗ ಸಾಲಿನ ನಡುವೆ ನಿಂತು ಸುಮಾರು ಹೊತ್ತು ಸುಮ್ನೆ ನೋಡಿದೆ. ನಮ್ಮದು ತಲೆ ಮೇಲೆ ಚಪ್ಪರ, ಗೊಂಚಲು ಕೆಳಗೆ ಇಳಿಬಿದ್ದಿರುತ್ತದೆ. ಅಲ್ಲಿ ಬಳ್ಳಿ ತಂತಿ ಬೇಲಿಯ ಹಾಗೆ ನೆಟ್ಟಗೆ ನಿಂತಿತ್ತು, ಗೊಂಚಲು ಮೊಣಕಾಲಿನ ಮಟ್ಟಕ್ಕೆ. ಕ್ಯಾಬರ್ನೆ ಅನ್ನುವ ಕಪ್ಪು ತಳಿ. ಕಾಳು ಬಟಾಣಿಗಿಂತ ತುಸು ದೊಡ್ಡದು. ಅಲ್ಲಿಯವರನ್ನು ಕೇಳಿ ಒಂದು ಬಾಯಿಗೆ ಹಾಕಿದೆ. ಸಿಪ್ಪೆ ದಪ್ಪ, ಒಳಗೆ ಬೀಜ, ನಾಲಿಗೆ ಒಗರು ಹಿಡಿಯಿತು. ಆದರೆ ಸಿಹಿ ನಮ್ಮ ತಿನ್ನುವ ತಳಿ ತಾಂಪ್ಸನ್‌ಗಿಂತ ಜಾಸ್ತಿ. ಇನ್ನೊಂದನ್ನು ಅಂಗೈಯಲ್ಲಿ ಹಿಂಡಿದೆ. ಕಪ್ಪು ಹಣ್ಣಿನಿಂದ ಬಂದ ರಸ ಬಿಳುಪು! ಕೆಂಪು ಬಣ್ಣ ಇರುವುದು ಸಿಪ್ಪೆಯಲ್ಲಿ. ಸಿಪ್ಪೆ ಸಮೇತ ಹುಳಿಯಲು ಬಿಟ್ಟರೆ ಕೆಂಪು ವೈನ್, ಮೊದಲೇ ಹಿಂಡಿ ಸಿಪ್ಪೆ ತೆಗೆದರೆ ಬಿಳಿ. ಇಪ್ಪತ್ತು ವರ್ಷ ದ್ರಾಕ್ಷಿ ಬೆಳೆದವನಿಗೆ ಇದು ಅವತ್ತು ಗೊತ್ತಾಯಿತು. ನೀವೂ ಒಂದು ಕಾಳು ಕೇಳಿ ತಿನ್ನಿ, ಆಮೇಲೆ ಗ್ಲಾಸು ಹಿಡಿಯಿರಿ. ಆ ಒಗರು ವೈನಿನಲ್ಲೂ ಸಿಗುತ್ತದೆ. ಕೇಳದೆ ಮಾತ್ರ ಕೀಳಬೇಡಿ, ಔಷಧ ಹೊಡೆದಿರಬಹುದು.

ರಾಯಚೂರಿನಿಂದ:
ನಾನು ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅವರಿಗೂ ಅಮ್ಮನ ಹಾಗೇ ಇದು ಸೇರದು. ಆದರೆ ದೊಡ್ಡ ಸ್ಟೀಲ್ ಟ್ಯಾಂಕು, ಮರದ ಪೀಪಾಯಿ ಎಲ್ಲಾ ನಮಗಿಂತ ಚೆನ್ನಾಗಿ ನೋಡಿದರು. ಹುಳಿ ಬರಿಸುವುದು ನಮ್ಮ ದೋಸೆ ಹಿಟ್ಟಿನ ಹಾಗೇ ಅಲ್ವಾ ಎಂದು ಕೇಳಿದರು. ತೋರಿಸುತ್ತಿದ್ದ ಹುಡುಗ ಹೌದಮ್ಮ ಅಂದ. ಅಮ್ಮನ ಊಟ ಮಾತ್ರ ಬುಕ್ ಮಾಡುವಾಗಲೇ ಹೇಳಿ. ನಮಗೆ ಪಾಸ್ತಾ, ಪಿಜ್ಜಾ ಬಿಟ್ಟರೆ ಬೇರೆ ಸಿಗಲಿಲ್ಲ. ಅತ್ತೆಗೆ ನಾನು ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೇ ಆಯಿತು. ಹೊರಗಿನ ತಿಂಡಿ ಒಳಗೆ ಬಿಡುತ್ತಾರಾ ಅಂತಲೂ ಕೇಳಿ.

ಹೊಸಬರಿಗೆ ಇನ್ನೊಂದು ಮಾತು. ನಮ್ಮ ಕಡೆಯ ಖಾರಕ್ಕೆ ಒಗರಿನ ಕೆಂಪು ವೈನ್ ಕೂಡಿಬರುವುದಿಲ್ಲ, ಬಾಯಿ ಇನ್ನೂ ಉರಿಯುತ್ತದೆ. ಎಣ್ಣೆಗಾಯಿ, ಮಿರ್ಚಿ ಜೊತೆಗೆ ತುಸು ಸಿಹಿ ಇರುವ ತಣ್ಣನೆ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಚೆನ್ನಾಗಿ ಹೋಗುತ್ತದೆ. ರುಚಿ ನೋಡುವಾಗ ಬಿಳಿ ಮೊದಲು, ಕೆಂಪು ಆಮೇಲೆ, ಸಿಹಿ ಕೊನೆಗೆ ಕೊಡುತ್ತಾರೆ. ಎಲ್ಲವನ್ನೂ ನುಂಗಬೇಕು ಅಂತಿಲ್ಲ. ಬಾಯಲ್ಲಿ ಆಡಿಸಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ನನಗೆ ಮೊದಲು ನಾಚಿಕೆಯಾಯಿತು, ಆದರೆ ಪಕ್ಕದ ಮೇಜಿನವರೆಲ್ಲ ಹಾಗೇ ಮಾಡುತ್ತಿದ್ದರು. ಸೆಂಟ್ ಹಾಕಿಕೊಂಡು ಹೋಗಬೇಡಿ, ವೈನಿನ ವಾಸನೆ ತಿಳಿಯುವುದೇ ಇಲ್ಲ.

ಸಂಡೂರಿನಿಂದ:
ಗಾಡಿ ಓಡಿಸುವವರು ಒಂದು ಗುಟುಕೂ ಮುಟ್ಟಬಾರದು. ಐದು ಬಗೆ, ಒಂದೊಂದು 30 ಮಿಲಿ ಅಂದರೂ 150 ಮಿಲಿ ಆಯಿತು. ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್, ಅಂದರೆ ತೀರಾ ಕಡಿಮೆ. ಕಾನೂನು ಬಿಡಿ, ನಮ್ಮ ರಸ್ತೆಯಲ್ಲಿ ಅದಿರು ಲಾರಿಗಳ ನಡುವೆ ಬರಬೇಕು. ನಾವು ಡ್ರೈವರ್ ಕರೆದುಕೊಂಡು ಹೋಗಿದ್ದೆವು, ಅವರಿಗೂ ನಮ್ಮ ಜೊತೆ ಮೇಜಿನಲ್ಲೇ ಊಟ ಹಾಕಿಸಿದೆವು.

ಬಾಟಲಿ ಕೊಂಡರೆ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ನಾನು ಮಾರ್ಚಿನಲ್ಲಿ ಎರಡು ತಂದೆ. ಊಟಕ್ಕೆ ಅಂತ ನಿಲ್ಲಿಸಿದ್ದು ಒಂದೂವರೆ ತಾಸು. ಬಂದು ನೋಡಿದರೆ ಒಂದರ ಬಿರಡೆ ಅರ್ಧ ಬೆರಳು ಮೇಲೆ ಬಂದಿತ್ತು, ಲೇಬಲ್ ಮೇಲೆಲ್ಲ ಅಂಟು. ಮನೆಗೆ ತಂದು ಬಿಚ್ಚಿದರೆ ಬೇಯಿಸಿದ ಹಣ್ಣಿನ ವಾಸನೆ. ಅಪ್ಪನ ಅರವತ್ತನೇ ವರ್ಷಕ್ಕೆ ಅಂತ ಕೊಂಡಿದ್ದು, ಬಹಳ ಬೇಜಾರಾಯಿತು. ಒದ್ದೆ ಟವೆಲ್ ಸುತ್ತಿ ಐಸ್ ಡಬ್ಬಿಯಲ್ಲಿಡಿ.

ಕೇಳಿದವರು, ಬಳ್ಳಾರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಂಪಿ ಕಡೆ ಫೋನ್ ಮಾಡುತ್ತೇನೆ, ಆಗದಿದ್ದರೆ ದೊಡ್ಡಬಳ್ಳಾಪುರ. ಡ್ರೈವರ್‌ಗೆ ಹೇಳಿಯಾಯಿತು. ರಾಯಚೂರಿನ ಅಕ್ಕ ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ರೊಟ್ಟಿ ನಾನೇ ಮಾಡುತ್ತೇನೆ, ಎಷ್ಟು ಜನಕ್ಕೆ ಹೇಳು ಅಂದರು.