ಸರ್ಕಾರವೊಂದು ಕ್ರಿಪ್ಟೋಕರೆನ್ಸಿಯನ್ನು ನಿಜವಾಗಿ ನಿಷೇಧಿಸಬಲ್ಲದೇ?

ಪ್ರಶ್ನೆ

ನನ್ನ ತಮ್ಮ ತನ್ನ ಉಳಿತಾಯದ ಒಂದು ಪಾಲನ್ನು ಬಿಟ್‌ಕಾಯಿನ್‌ನಲ್ಲಿ ಇಟ್ಟಿದ್ದಾನೆ. ಅದನ್ನು ಯಾವ ಸರ್ಕಾರವೂ ತಡೆಯಲಾರದು ಎಂಬುದು ಅವನ ವಾದ. 2016ರ ನವೆಂಬರ್‌ನಲ್ಲಿ ಒಂದೇ ರಾತ್ರಿಯಲ್ಲಿ ನೋಟುಗಳನ್ನೇ ರದ್ದು ಮಾಡಿದವರಿಗೆ ಇದು ಯಾವ ಲೆಕ್ಕ ಎಂದು ನಮ್ಮ ತಂದೆ ಕೇಳುತ್ತಾರೆ. ನಾಳೆ ನಮ್ಮಲ್ಲಿ ಪೂರ್ಣ ನಿಷೇಧ ಜಾರಿಯಾದರೆ ಅದು ನಿಲ್ಲುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ನಿಮ್ಮ ತಂದೆಯವರ ಹೋಲಿಕೆ ಸಹಜವಾದದ್ದೇ, ಆದರೆ ಪೂರ್ತಿ ಹೊಂದುವುದಿಲ್ಲ. ನೋಟು ರಿಸರ್ವ್ ಬ್ಯಾಂಕ್ ಕೊಟ್ಟ ಮಾತು. ಆ ಮಾತನ್ನು ಕೊಟ್ಟವರೇ ಹಿಂತೆಗೆದುಕೊಂಡರು. ಬಿಟ್‌ಕಾಯಿನ್‌ನ ಖಾತೆಪುಸ್ತಕವಾದರೋ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುತ್ತದೆ. ನಿಮ್ಮ ತಮ್ಮ ಸ್ವಂತ ವ್ಯಾಲೆಟ್ (ನಾಣ್ಯವನ್ನು ತಾನೇ ನಿರ್ವಹಿಸುವ ಆ್ಯಪ್ ಅಥವಾ ಸಾಧನ) ಇಟ್ಟುಕೊಂಡಿದ್ದರೆ ಅದರ ಬೀಗದ ಕೈ ಎಂದರೆ ಹನ್ನೆರಡೋ ಇಪ್ಪತ್ತನಾಲ್ಕೋ ಇಂಗ್ಲಿಷ್ ಪದಗಳ ಒಂದು ಸಾಲು. ಅದನ್ನು ಹಳೆಯ ಡೈರಿಯ ಕೊನೆಯ ಪುಟದಲ್ಲಿ ಬರೆದಿಡಬಹುದು, ಬಾಯಿಪಾಠವನ್ನೂ ಮಾಡಿಕೊಳ್ಳಬಹುದು. ಎಕ್ಸ್‌ಚೇಂಜಿನಲ್ಲಿಯೇ, ಅಂದರೆ ಕೊಂಡು ಮಾರುವ ವ್ಯವಸ್ಥೆ ನಡೆಸುವ ಕಂಪನಿಯ ಬಳಿಯೇ, ಬಿಟ್ಟಿದ್ದರೆ ಈ ಮಾತು ಅನ್ವಯಿಸುವುದಿಲ್ಲ; ಆಗ ಬೀಗದ ಕೈ ಆ ಕಂಪನಿಯದು.

ಸರ್ಕಾರದ ಕೈಗೆ ಸಿಗುವುದು ನಾಣ್ಯವಲ್ಲ, ರೂಪಾಯಿಗೂ ನಾಣ್ಯಕ್ಕೂ ನಡುವಿನ ಸೇತುವೆ. ಚೀನಾ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿ 2013ರಲ್ಲಿ ಬ್ಯಾಂಕುಗಳಿಗೆ ನಿರ್ಬಂಧ ಬಂತು, 2017ರಲ್ಲಿ ಎಕ್ಸ್‌ಚೇಂಜುಗಳನ್ನು ಮುಚ್ಚಿಸಲಾಯಿತು, 2021ರ ಸೆಪ್ಟೆಂಬರ್‌ನಲ್ಲಿ ಎಲ್ಲ ಕ್ರಿಪ್ಟೋ ವಹಿವಾಟನ್ನೂ ಕಾನೂನುಬಾಹಿರವೆಂದು ಘೋಷಿಸಲಾಯಿತು. ಅದೇ ವರ್ಷದ ಜೂನ್‌ನಲ್ಲಿ, ಮಳೆಗಾಲದ ಅಗ್ಗದ ಜಲವಿದ್ಯುತ್ತನ್ನು ನಂಬಿ ಸಿಚುವಾನ್ ಪ್ರಾಂತ್ಯದಲ್ಲಿ ನಡೆಯುತ್ತಿದ್ದ ಮೈನಿಂಗ್ (ಕಂಪ್ಯೂಟರುಗಳ ಲೆಕ್ಕಾಚಾರದಿಂದ ವಹಿವಾಟು ದಾಖಲಿಸಿ ಹೊಸ ಬಿಟ್‌ಕಾಯಿನ್ ಗಳಿಸುವ ಕೆಲಸ) ಘಟಕಗಳ ವಿದ್ಯುತ್ತನ್ನು ಕಡಿತಗೊಳಿಸಲಾಯಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಂದಾಜಿನಲ್ಲಿ ಜಗತ್ತಿನ ಬಿಟ್‌ಕಾಯಿನ್ ಮೈನಿಂಗ್‌ನಲ್ಲಿ ಚೀನಾದ ಪಾಲು ಆಗ ಶೂನ್ಯಕ್ಕೆ ಇಳಿಯಿತು, ಆದರೆ 2022ರ ಜನವರಿಯ ಹೊತ್ತಿಗೆ ಮತ್ತೆ ಶೇ. 20ನ್ನು ದಾಟಿತ್ತು. ಇಂಟರ್‌ನೆಟ್ಟಿನ ಮೇಲೂ ಬ್ಯಾಂಕಿನ ಮೇಲೂ ಅಷ್ಟೊಂದು ಹಿಡಿತವಿರುವ ರಾಜ್ಯಕ್ಕೂ ದೊರೆತ ಫಲ ಇಷ್ಟೇ ಎಂಬುದನ್ನು ನಾವು ಗಂಭೀರವಾಗಿ ಪರಿಗಣಿಸಬೇಕು.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿ, ಆದರೆ ಸೇತುವೆ ಮುರಿದಾಗ ಏನಾಗುತ್ತದೆಂಬುದನ್ನು ಅನುಭವಿಸಿದವನಾಗಿ ಬರೆಯುತ್ತಿದ್ದೇನೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಒದಗಿಸಬಾರದೆಂದು ಆದೇಶಿಸಿ ಮೂರು ತಿಂಗಳ ಗಡುವು ಕೊಟ್ಟಿತು. ಗಡುವು ಮುಗಿದ ಮೇಲೆ ಮಗಳ ಕಾಲೇಜು ಶುಲ್ಕಕ್ಕಾಗಿ ನನ್ನಲ್ಲಿದ್ದ ಸ್ವಲ್ಪ ಬಿಟ್‌ಕಾಯಿನ್ ಮಾರಬೇಕಾಯಿತು. ಎಕ್ಸ್‌ಚೇಂಜಿನಿಂದ ರೂಪಾಯಿ ಹೊರಬರುವ ದಾರಿ ಇರಲಿಲ್ಲ. ಮುಖ ನೋಡದ ಖರೀದಿದಾರರೊಬ್ಬರಿಗೆ ನೇರವಾಗಿ ಮಾರಿದೆ. ಹಣ ಮೂರು ಕಂತುಗಳಲ್ಲಿ, ನಾನು ಕೇಳಿಯೂ ಇರದ ಮೂರು ಬೇರೆ ಬೇರೆ ಹೆಸರುಗಳಿಂದ ಬಂತು. ಐದು ವಾರಗಳ ನಂತರ, ಹೊರರಾಜ್ಯದ ಪೊಲೀಸರ ಕೋರಿಕೆಯ ಮೇರೆಗೆ ನನ್ನ ಖಾತೆಯನ್ನು ತಡೆಹಿಡಿಯಲಾಯಿತು, ಏಕೆಂದರೆ ಅದರಲ್ಲಿ ಒಂದು ಕಂತು ಯಾರೋ ವಂಚನೆಯಲ್ಲಿ ಕಳೆದುಕೊಂಡ ಹಣವಾಗಿತ್ತು. ಪಾಸ್‌ಬುಕ್, ಚಾಟ್‌ನ ಮುದ್ರಿತ ಪ್ರತಿಗಳೊಂದಿಗೆ ಏಳು ತಿಂಗಳು ಅಲೆದೆ. ಆ ಅವಧಿಯಲ್ಲಿ ಬಿಟ್‌ಕಾಯಿನ್ ಜಾಲ ಒಂದು ನಿಮಿಷವೂ ನಿಲ್ಲಲಿಲ್ಲ; ನಿಂತದ್ದು ನನ್ನ ಸಂಬಳದ ಖಾತೆ.

ಮೂರನೆಯ ಉತ್ತರ

ಈ ಅನುಭವ ಒಬ್ಬರದೇ ಅಲ್ಲ. ನೈಜೀರಿಯಾದ ಕೇಂದ್ರ ಬ್ಯಾಂಕ್ 2021ರ ಫೆಬ್ರುವರಿಯಲ್ಲಿ ಇಂತಹುದೇ ಆದೇಶ ಹೊರಡಿಸಿದಾಗ, ಅಲ್ಲಿನ ಜನರೂ ಪರಸ್ಪರ ನೇರವಾಗಿ ಮಾರುವ ದಾರಿಗೆ ಹೊರಳಿದರು. 2023ರ ಡಿಸೆಂಬರ್‌ನಲ್ಲಿ ಬ್ಯಾಂಕೇ ಆದೇಶವನ್ನು ಸಡಿಲಿಸಿತು.

ಆದರೂ ನಿಷೇಧ ನಿಷ್ಫಲವೆಂದು ನಾನು ಒಪ್ಪುವುದಿಲ್ಲ. ಬ್ಯಾಂಕಿನ ದಾರಿ ಮುಚ್ಚಿದಾಗ ಹೊಸದಾಗಿ ಒಳಬರುವ ಸಾಮಾನ್ಯ ಜನ ಕಡಿಮೆಯಾಗುತ್ತಾರೆ, ಅಂಗಡಿಯವನು ಅದನ್ನು ಪಡೆಯಲು ಅಂಜುತ್ತಾನೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 2020ರ ಮಾರ್ಚ್ 4ರ ತೀರ್ಪಿನಲ್ಲಿ ಆ 2018ರ ಸುತ್ತೋಲೆಯನ್ನು ರದ್ದು ಮಾಡಿದಾಗ ರಿಸರ್ವ್ ಬ್ಯಾಂಕಿಗೆ ಅಧಿಕಾರವೇ ಇಲ್ಲ ಎನ್ನಲಿಲ್ಲ. ತನ್ನ ಅಧೀನದ ಬ್ಯಾಂಕುಗಳಿಗೆ ಇದರಿಂದ ಆದ ಹಾನಿಯನ್ನು ಅದು ತೋರಿಸಿಲ್ಲವಾದ್ದರಿಂದ ಕ್ರಮ ಮಿತಿಮೀರಿದ್ದು ಎಂದಿತು. ಲಾಭಕ್ಕೆ ಶೇ. 30 ತೆರಿಗೆ, ಮಾರಾಟದ ಮೊತ್ತಕ್ಕೆ ಶೇ. 1 ಟಿಡಿಎಸ್, 2023ರಿಂದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ನಿಯಮಗಳು: ಸೇತುವೆಯನ್ನು ಒಡೆಯದೆ ಅದರ ಮೇಲೆ ಕಾವಲು ಹಾಕುವ ಈ ಕ್ರಮವೇ ನನಗೆ ಹೆಚ್ಚು ವಿವೇಕದ್ದೆಂದು ತೋರುತ್ತದೆ, ತೆರಿಗೆಯ ದರ ವಿಪರೀತವಾಗಿದ್ದರೂ.

ನಿಮ್ಮ ತಮ್ಮನಿಗೆ ಎರಡು ಮಾತು ಹೇಳಿ: ಪ್ರತಿ ಖರೀದಿಯ ದಾಖಲೆಯನ್ನು ಜೋಪಾನ ಮಾಡಲಿ, ಅಪರಿಚಿತರಿಗೆ ಮಾರುವ ಪ್ರಸಂಗವನ್ನು ತಂದುಕೊಳ್ಳದಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಮ್ಮನನ್ನು ವಿಚಾರಿಸಿದೆ, ಎಲ್ಲವೂ ಎಕ್ಸ್‌ಚೇಂಜಿನಲ್ಲಿಯೇ ಇದೆಯಂತೆ, ಸ್ವಂತ ವ್ಯಾಲೆಟ್ ಇಲ್ಲವಂತೆ.