ಸ್ವೀಡನ್ನಿಗೆ ಹೊರಡುವ ಮುನ್ನ ಗೆಳತಿಯರೊಂದಿಗೆ ಎಂಟು ದಿನ: ಕೊಯ್ಲಿನ ಮನೆಗೆ ಅವರನ್ನು ಕರೆಯಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿದೆ. ಬೆಂಗಳೂರಿನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ನಾನು ವಿನಿಮಯ ವಿದ್ಯಾರ್ಥಿಯಾಗಿ ಒಂದು ಸೆಮಿಸ್ಟರ್ ಓದಲು ಸ್ವೀಡನ್ನಿಗೆ ಹೊರಟಿದ್ದೇನೆ. ಅಲ್ಲಿಯ ವಸಂತ ಸೆಮಿಸ್ಟರ್ ಜನವರಿ ನಡುವಿನಲ್ಲಿ ಶುರುವಾಗಿ ಜೂನ್ ಮೊದಲ ವಾರದವರೆಗೆ ನಡೆಯುವುದರಿಂದ ಜನವರಿ 12ಕ್ಕೆ ವಿಮಾನದ ಟಿಕೆಟ್ ಆಗಿದೆ. ವಾಸದ ಪರವಾನಗಿಯೂ ಬಂದಿದೆ.

ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಮೂವರು ಗೆಳತಿಯರು ಡಿಸೆಂಬರ್ 24ರಿಂದ ಜನವರಿ 1ರವರೆಗೆ ನಮ್ಮ ಮನೆಗೆ ಬರುತ್ತೇವೆ ಎನ್ನುತ್ತಿದ್ದಾರೆ. ಒಬ್ಬಳು ಧಾರವಾಡದವಳು, ಇನ್ನೊಬ್ಬಳು ಬೆಂಗಳೂರಿನವಳು, ಮೂರನೆಯವಳು ಚೆನ್ನೈನವಳು. ಮೂವರೂ ಮಲೆನಾಡು ನೋಡಿದವರಲ್ಲ. ನಾನು ಹಿಂದಿರುಗುವ ಹೊತ್ತಿಗೆ ಅವರ ಓದು ಮುಗಿದು ಒಬ್ಬೊಬ್ಬರು ಒಂದೊಂದು ಊರಿಗೆ ಹೋಗಿರುತ್ತಾರಾದ್ದರಿಂದ ಈ ರಜೆಯನ್ನು ಬಿಟ್ಟರೆ ನಾವು ನಾಲ್ವರೂ ಒಂದೇ ಸೂರಿನಡಿ ಇರುವ ಅವಕಾಶ ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ.

ತೊಡಕು ಇಷ್ಟೇ. ಅದೇ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು. ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು, ಸಿಕ್ಕ ದಿನ ಕೊನೆ ಇಳಿಸಬೇಕು, ಇಳಿಸಿದ್ದನ್ನು ಸುಲಿಯಬೇಕು, ಸುಲಿದದ್ದನ್ನು ಬೇಯಿಸಬೇಕು. ಮನೆ ತುಂಬ ಆಳುಗಳು, ಅಂಗಳ ತುಂಬ ಅಡಿಕೆ. ಅಪ್ಪಯ್ಯ ‘ಬರಲಿ ಬಿಡು’ ಎಂದರು. ಅಮ್ಮ ಏನೂ ಹೇಳಲಿಲ್ಲ, ನನಗೆ ಚಿಂತೆಯಾಗಿರುವುದು ಅದೇ. ಅವರನ್ನು ದಿನವೂ ಕಾರಿನಲ್ಲಿ ಜೋಗ, ಕೊಡಚಾದ್ರಿ, ಸಿಗಂದೂರು, ಆಗುಂಬೆ ಎಂದು ಸುತ್ತಾಡಿಸಿದರೆ ಮನೆಯವರಿಗೆ ಹೊರೆ ಕಡಿಮೆಯಾಗುತ್ತದೆಯೇ, ಅಥವಾ ಈ ವರ್ಷ ಬೇಡವೆಂದು ಹೇಳಿಬಿಡುವುದೇ ಒಳ್ಳೆಯದೇ? ಅನುಭವವಿದ್ದವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಸಾಗರದ ತೋಟದವನು

ಮಗಳೇ, ಬೇಡವೆನ್ನಬೇಡ. ಆದರೆ ನೀನು ಬರೆದ ಆ ಪಟ್ಟಿಯನ್ನು ಮೊದಲು ಹರಿದುಹಾಕು.

ಜೋಗದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ನಮ್ಮ ತಾಲ್ಲೂಕಿನದು. 253 ಮೀಟರ್ ಎತ್ತರದಿಂದ ಶರಾವತಿ ಧುಮುಕುವುದನ್ನು ನೋಡಬೇಕಾದರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ಬರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ನೀರು ವಿದ್ಯುತ್ತಿಗೆ ಹೋಗುತ್ತದೆ. ಡಿಸೆಂಬರ್ ಕೊನೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಂಡೆಯ ಮೇಲೆ ಒಣಗಲು ಹಾಕಿದ ಬಿಳಿ ಪಂಚೆಯ ಅಂಚಿನಷ್ಟಿರುತ್ತವೆ. ನಿಮ್ಮ ಮನೆಯಿಂದ ಅಷ್ಟು ದೂರ ಬಂದು, ಇಷ್ಟೇನಾ ಎಂದು ಆ ಚೆನ್ನೈ ಹುಡುಗಿ ಕೇಳಿದರೆ ನನಗೇ ನಾಚಿಕೆ. ಸಿಗಂದೂರಿಗೆ ಲಾಂಚಿನಲ್ಲಿ ಹೋಗುವ ಆಸೆ ಇಟ್ಟುಕೊಂಡಿದ್ದರೆ ಅದಕ್ಕೂ ಈಗ ಕಾರಣ ಉಳಿದಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಹಿನ್ನೀರು ದಾಟುವುದು ಕೆಲವೇ ನಿಮಿಷದ ಮಾತು. ನಮಗದು ದೊಡ್ಡ ಉಪಕಾರ, ಆದರೆ ಹಿನ್ನೀರಿನ ನಡುವೆ ನಿಂತು ಗಾಳಿ ತಿನ್ನುವ ಸುಖ ಹೋಯಿತು.

ಇನ್ನು ಕೊಯ್ಲಿನ ವಿಚಾರ. ಕೊಯ್ಲಿನ ಮನೆಯಲ್ಲಿ ನೆಂಟರು ಹೊರೆಯಾಗುವುದು ಅವರು ಜಗಲಿಯ ಮೇಲೆ ಕುಳಿತು ಮೊಬೈಲು ನೋಡುತ್ತ, ಆಳುಗಳಿಗಿಂತ ಬೇರೆ ಹೊತ್ತಿಗೆ ಕಾಫಿ ಕೇಳಿದಾಗ ಮಾತ್ರ. ನಿನ್ನ ಗೆಳತಿಯರಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕೊಟ್ಟು ಸುಲಿಯಲು ಕೂರಿಸು. ಮೊದಲ ದಿನ ಅವರು ಗಂಟೆಗೆ ಒಂದು ಸಣ್ಣ ಬುಟ್ಟಿಯನ್ನೂ ತುಂಬಲಾರರು. ಸಿಪ್ಪೆಯ ಜೊತೆ ಅಡಿಕೆಯನ್ನೂ ಕೆತ್ತಿಹಾಕುತ್ತಾರೆ. ಅಂಥದ್ದನ್ನು ಬೇರೆಯಾಗಿ ಒಟ್ಟಬೇಕು, ಇಲ್ಲದಿದ್ದರೆ ರಾಶಿಯ ಬೆಲೆ ಕೆಡುತ್ತದೆ ಎಂದು ಅಪ್ಪಯ್ಯನಿಗೆ ಮೊದಲೇ ಹೇಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳಲಿ. ಚೊಗರಿನ, ಅಂದರೆ ಅಡಿಕೆಯ ಒಗರು ರಸದ, ಕಪ್ಪು ಸೋಪಿಗೆ ಹೋಗುವುದಿಲ್ಲ, ವಾರಗಟ್ಟಲೆ ಉಗುರಿನ ಸಂದಿಯಲ್ಲಿ ಉಳಿಯುತ್ತದೆ ಎಂಬುದನ್ನೂ ತಿಳಿಸು. ಆಮೇಲೆ ನಿನ್ನನ್ನು ಬೈಯಬಾರದು.

ಸುಲಿಯುವ ಕೆಲಸದ ಗುಣವೇನೆಂದರೆ ಕೈಗೆ ಕೆಲಸ, ಬಾಯಿಗೆ ಬಿಡುವು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಒಂದೇ ದೀಪದಡಿ ಎಂಟು ಹತ್ತು ಜನ ಸುತ್ತ ಕುಳಿತಾಗ ಹೊರಡುವ ಮಾತಿನಷ್ಟು ಮಾತು ಯಾವ ಕಾರಿನಲ್ಲೂ ಹೊರಡುವುದಿಲ್ಲ. ಒಬ್ಬರ ಮನೆಯ ಕೆಲಸಕ್ಕೆ ಇನ್ನೊಬ್ಬರು ಸರದಿಯಂತೆ ಹೋಗುವ ಮುಯ್ಯಾಳು ಪದ್ಧತಿ ಇದ್ದ ಕಾಲದಲ್ಲಿ ನಮ್ಮೂರಿನ ಅರ್ಧ ಮದುವೆಯ ಮಾತುಕತೆಗಳು ಅಲ್ಲಿಯೇ ಕುದುರಿದ್ದು. ಕೊನೆಗಾರ ಮರದಿಂದ ಮರಕ್ಕೆ ದಾಟುವುದು, ಕೊನೆ ಹಗ್ಗದ ಮೇಲೆ ಜಾರಿ ಬರುವುದು ಈಗ ನೆಲದಿಂದಲೇ ಕೊಯ್ಯುವ ಉದ್ದನೆಯ ಫೈಬರ್ ದೋಟಿ ಬಂದಮೇಲೆ ಎಲ್ಲೆಡೆಯೂ ಕಾಣಸಿಗುವುದಿಲ್ಲ; ನಿಮ್ಮಲ್ಲಿ ಇನ್ನೂ ಮರ ಹತ್ತುವವರು ಬರುತ್ತಿದ್ದರೆ ಆ ಬೆಳಗನ್ನು ಗೆಳತಿಯರಿಗೆ ತಪ್ಪಿಸಬೇಡ. ಕೊನೆ ಬೀಳುವ ಕಡೆ ಮಾತ್ರ ನಿಲ್ಲಬಾರದು.

ಉತ್ತರ: ಹಿಂದೆ ಸುತ್ತಾಡಿಸಿ ಸೋತವನು, ಶಿವಮೊಗ್ಗ

ಮೇಲಿನ ಹಿರಿಯರ ಮಾತಿಗೆ ನನ್ನ ಸಹಮತವಿದೆ. ನಾನು ಕೆಲಸಕ್ಕೆಂದು ಹೊರದೇಶಕ್ಕೆ ಹೊರಡುವ ಮುನ್ನ ಐವರು ಸ್ನೇಹಿತರನ್ನು ಬಾಡಿಗೆ ಜೀಪಿನಲ್ಲಿ ಐದು ದಿನ ಹದಿಮೂರು ಜಾಗಗಳಿಗೆ ಕರೆದೊಯ್ದೆ. ಒಬ್ಬನಿಗೆ ಘಾಟಿಯ ತಿರುವಿನಲ್ಲಿ ವಾಂತಿ, ಇನ್ನೊಬ್ಬನಿಗೆ ಮೂರನೆಯ ದಿನ ಜ್ವರ. ಅವರಲ್ಲಿ ಯಾರನ್ನು ಕೇಳಿದರೂ ಈಗ ನೆನಪಿರುವುದು ಪೆಟ್ರೋಲ್ ಬಂಕ್‌ಗಳು ಮಾತ್ರ.

ಆದರೂ ಎಂಟೂ ದಿನ ಮನೆಯಲ್ಲೇ ಕೂರಿಸುವುದನ್ನು ನಾನು ಒಪ್ಪಲಾರೆ. ನಿಮ್ಮ ಮನೆ ಇರುವ ದಿಕ್ಕಿನಲ್ಲೇ ಕುಂದಾದ್ರಿ ಬೆಟ್ಟ ಇದೆ. ಬೆಳಗಿನ ಜಾವ ಹೊರಟು ಪಾರ್ಶ್ವನಾಥ ಬಸದಿಯ ಪಕ್ಕದ ಬಂಡೆಯ ಮೇಲೆ ನಿಂತರೆ ಡಿಸೆಂಬರಿನ ಮಂಜು ಕಣಿವೆಯನ್ನು ತುಂಬಿಕೊಂಡಿರುತ್ತದೆ. ಗಂಟೆ ಒಂಬತ್ತಾಗುವುದರೊಳಗೆ ಮನೆಗೆ ಬಂದು ಕಡುಬು ತಿನ್ನಬಹುದು, ಅಮ್ಮನವರಿಗೂ ತೊಂದರೆಯಿಲ್ಲ. ಮತ್ತೊಂದು ದಿನ ಆಗುಂಬೆಯ ಸೂರ್ಯಾಸ್ತ. ಮಳೆಗಾಲದಲ್ಲಿ ಅಲ್ಲಿ ಮೋಡದ ಹೊರತು ಏನೂ ಕಾಣದು, ಈ ತಿಂಗಳಲ್ಲಿ ಆಕಾಶ ತಿಳಿಯಾಗಿದ್ದರೆ ಅರಬ್ಬಿ ಸಮುದ್ರದ ಹೊಳಪೂ ಕಣ್ಣಿಗೆ ಬೀಳುತ್ತದೆ. ಆರು ಗಂಟೆಯ ಸುಮಾರಿಗೆ ಸೂರ್ಯ ಇಳಿಯುವುದರಿಂದ ಐದೂವರೆಗೆ ಅಲ್ಲಿರಬೇಕು. ಸಕ್ರೆಬೈಲಿನ ಬಿಡಾರದ ಆನೆಗಳನ್ನು ಶಿವಮೊಗ್ಗದ ರೈಲು ನಿಲ್ದಾಣದಿಂದ ಕರೆತರುವ ದಾರಿಯಲ್ಲೇ ನೋಡಿ ಮುಗಿಸಿ, ಆದರೆ ಅದು ಬೆಳಗಿನ ಹೊತ್ತಿನದು. ಮಧ್ಯಾಹ್ನದ ರೈಲಿಗೆ ಬಂದರೆ ಅಲ್ಲಿ ನದಿ ಮಾತ್ರ ಸಿಗುತ್ತದೆ.

ಡಿಸೆಂಬರ್ 29 ಕುವೆಂಪು ಅವರು ಹುಟ್ಟಿದ ದಿನ. ಗೆಳತಿಯರು ಎಂಟೂ ದಿನ ಇರುವುದಾದರೆ ಆ ದಿನವನ್ನು ಕುಪ್ಪಳಿಗೇ ಇಟ್ಟುಕೊಳ್ಳಿ. ಜನ ಹೆಚ್ಚಿರುತ್ತಾರೆ ಎಂಬುದು ನಿಜ. ಕವಿಮನೆಯನ್ನು ನೋಡಿ, ಸಂಜೆಯ ಬಿಸಿಲಿಗೆ ಕವಿಶೈಲದ ಬಂಡೆಗಳ ನಡುವೆ ಕುಳಿತರೆ ಕನ್ನಡ ಬಾರದ ಗೆಳತಿಗೂ ವಿವರಣೆ ಬೇಕಾಗುವುದಿಲ್ಲ. ಪಂಚಾಂಗದಲ್ಲಿ ಎಳ್ಳಮಾವಾಸ್ಯೆ ಯಾವಾಗ ಎಂಬುದನ್ನೂ ನೋಡಿ. ನಿಮ್ಮ ದಿನಗಳೊಳಗೆ ಬಂದರೆ ತೀರ್ಥಹಳ್ಳಿ ರಾಮೇಶ್ವರನ ಜಾತ್ರೆ ಇದ್ದೇ ಇದೆ, ಆಗ ನನ್ನ ಸಲಹೆಗಳಲ್ಲಿ ಒಂದನ್ನು ಕೈಬಿಡಿ.

ಉತ್ತರ: ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು

ತಂಗಿ, ಎಲ್ಲರೂ ತಿರುಗಾಟದ ಬಗ್ಗೆ ಬರೆದಿದ್ದಾರೆ, ರಕ್ತ ಹೀರುವ ಉಣುಗಿನ (ಉಣ್ಣೆಯ) ಬಗ್ಗೆ ಒಬ್ಬರೂ ಬರೆದಿಲ್ಲ. ಮಳೆಗಾಲದಲ್ಲಿ ಬಂದ ನೆಂಟರು ಇಂಬಳಕ್ಕೆ (ಜಿಗಣೆಗೆ) ಕಿರುಚುತ್ತಾರೆ, ಅದರಿಂದ ರಕ್ತ ಒಂದಿಷ್ಟು ಹೋಗುವುದು ಬಿಟ್ಟರೆ ಅಪಾಯವಿಲ್ಲ. ಚಳಿಗಾಲದಲ್ಲಿ ಕಾಣದಷ್ಟು ಸಣ್ಣ ಉಣುಗು ಹತ್ತಿದರೆ ಯಾರೂ ಕಿರುಚುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ.

ಭಯಪಟ್ಟು ಮನೆಯಲ್ಲಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ಕಾಡಿನಲ್ಲಿ ಮಂಗ ಸತ್ತ ಸುದ್ದಿ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ವಿಚಾರಿಸಿ, ಇದ್ದರೆ ಆ ಕಡೆ ಹೋಗಲೇಬೇಡಿ. ಕಾಡಿನಿಂದ ದರಕು (ಒಣ ಎಲೆ) ತರುವವರ ಜೊತೆ ‘ನಾವೂ ಬರುತ್ತೇವೆ’ ಎಂದು ಗೆಳತಿಯರು ಹೊರಟಾರು, ಅದಕ್ಕೆ ಒಪ್ಪಬೇಡಿ. ತೋಟಕ್ಕೆ, ಕವಲೇದುರ್ಗದ ಕೋಟೆಗೆ ಹೋಗುವಾಗ ಉದ್ದ ತೋಳಿನ ಬಟ್ಟೆ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಕೈಕಾಲಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈ ಬಚ್ಚಲಿಗೆ. ನಮ್ಮ ಹಂಡೆಯ ಬಿಸಿನೀರಿನ ಸ್ನಾನವನ್ನು ಅವರು ಹೇಗೂ ಬಿಡುವುದಿಲ್ಲ ಅನ್ನಿ.

ನಿನ್ನ ದಿನಾಂಕಗಳನ್ನು ನೋಡಿಯೇ ನಾನು ಇದನ್ನು ಬರೆದದ್ದು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಜನವರಿ 1ಕ್ಕೆ ಬೆಂಗಳೂರು, ಚೆನ್ನೈ ಸೇರಿದ ಹುಡುಗಿಗೆ 5ನೇ ತಾರೀಕು ಜ್ವರ ಬಂದರೆ ಅಲ್ಲಿಯ ವೈದ್ಯರಿಗೆ ಮೊದಲು ನೆನಪಾಗುವುದು ಡೆಂಗಿ. ‘ನಾನು ಶಿವಮೊಗ್ಗ ಜಿಲ್ಲೆಯ ಕಾಡಂಚಿನಲ್ಲಿ ಇದ್ದು ಬಂದೆ’ ಎಂದು ಅವಳೇ ಹೇಳಬೇಕು. ಈ ಒಂದು ವಾಕ್ಯವನ್ನು ಮೂವರಿಗೂ ಕಲಿಸಿ ಕಳಿಸು. ಅಂದಹಾಗೆ ಸ್ವೀಡನ್ನಿನಲ್ಲೂ ಇದರ ಬಳಗದ ಇನ್ನೊಂದು ವೈರಾಣು ಉಣುಗಿನ ಮೂಲಕವೇ ಹರಡುತ್ತದೆ, ಅಲ್ಲಿ ಅದಕ್ಕೆ ಲಸಿಕೆಯೂ ಇದೆ. ಏಪ್ರಿಲ್ ನಂತರ ಅಲ್ಲಿಯ ಹುಲ್ಲುಗಾವಲಿಗೆ ಹೋಗುವ ಮುನ್ನ ವಿಚಾರಿಸು.

ಉತ್ತರ: ಸ್ವೀಡನ್ನಿನ ಲುಂಡ್‌ನಲ್ಲಿ ಒಂದು ಸೆಮಿಸ್ಟರ್ ಕಳೆದವಳು, ಕೊಪ್ಪ

ಎರಡು ಮಾತು. ಜನವರಿಯಲ್ಲಿ ಅಲ್ಲಿ ಬೆಳಗಿನ ಎಂಟೂವರೆಗೆ ಬೆಳಕಾಗಿ ಸಂಜೆ ನಾಲ್ಕಕ್ಕೆ ಕತ್ತಲಾಗುತ್ತದೆ, ನಮಗೂ ಅವರಿಗೂ ನಾಲ್ಕೂವರೆ ಗಂಟೆಯ ಅಂತರ. ಅಲ್ಲಿ ಕತ್ತಲಾಗುವ ಹೊತ್ತಿಗೆ ಇಲ್ಲಿ ರಾತ್ರಿ ಎಂಟೂವರೆ, ಅಂದರೆ ನಿಮ್ಮ ಮನೆಯಲ್ಲಿ ಸುಲಿತ ನಡೆಯುತ್ತಿರುವ ಹೊತ್ತು. ಮನೆಗೆ ಮಾತಾಡಲು ಅದೇ ಸರಿಯಾದ ಸಮಯ ಎಂಬುದು ನನ್ನ ಅನುಭವ. ಇನ್ನೊಂದು, ಪೆಟ್ಟಿಗೆ ತುಂಬುವ ಕೆಲಸವನ್ನು ಗೆಳತಿಯರು ಇರುವಾಗಲೇ ಮಾಡಿ, ಯಾವುದು ಬೇಡ ಎಂದು ಹೇಳಲು ಮನೆಯವರಿಗೆ ಮನಸ್ಸು ಬರುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬಿಗಿಯಾಗಿ ಕಟ್ಟಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಮನೆಯ ತುಪ್ಪ ಬೇಡ; ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ನನ್ನಮ್ಮ ಕೊಟ್ಟ ಒಂದು ಕಿಲೋ ತುಪ್ಪವನ್ನು ಬೆಂಗಳೂರಿನಲ್ಲೇ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಹೋದೆ, ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಪ್ರಶ್ನೆ ಕೇಳಿದವಳ ಮರುಉತ್ತರ

ಎಲ್ಲರಿಗೂ ಧನ್ಯವಾದಗಳು. ಜೋಗ, ಕೊಡಚಾದ್ರಿ, ಸಿಗಂದೂರು ಮೂರನ್ನೂ ಬಿಟ್ಟೆ. ಕುಂದಾದ್ರಿ, ಕುಪ್ಪಳಿ, ಆಗುಂಬೆ ಉಳಿದವು. ಬೇರೆ ದಿನಗಳಲ್ಲಿ ಮನೆ. ಆಶಾ ಅಕ್ಕನನ್ನು ಕೇಳಿದೆ, ನಮ್ಮ ಸುತ್ತಮುತ್ತ ಸದ್ಯಕ್ಕೆ ಮಂಗ ಸತ್ತ ಸುದ್ದಿಯಿಲ್ಲ, ಎಣ್ಣೆಯ ಬಾಟಲಿ ಕೊಟ್ಟಿದ್ದಾರೆ.

ಅಮ್ಮನನ್ನು ನೇರವಾಗಿಯೇ ಕೇಳಿದೆ. ಅವರು ಸುಮ್ಮನಾಗಿದ್ದದ್ದು ಕೆಲಸ ಹೆಚ್ಚಾಗುತ್ತದೆಂದಲ್ಲವಂತೆ. ಹೊರಡುವ ಮುಂಚಿನ ಎಂಟು ದಿನ ನಾನು ಗೆಳತಿಯರ ಜೊತೆ ಊರೂರು ತಿರುಗಿದರೆ ತನ್ನ ಪಾಲಿಗೆ ಹತ್ತೇ ದಿನ ಉಳಿಯುತ್ತದೆಂದು ಲೆಕ್ಕ ಹಾಕಿದ್ದರಂತೆ. ಸುಲಿಯಲು ಕೂರಿಸುವ ವಿಚಾರ ಹೇಳಿದಾಗ ಚೆನ್ನೈನವಳು ಕಾಫಿ ಕುಡಿಯುತ್ತಾಳೋ ಚಹಾ ಕುಡಿಯುತ್ತಾಳೋ ಎಂದಷ್ಟೇ ಕೇಳಿದರು. ಆಮೇಲೆ ಇಬ್ಬರೂ ಅಟ್ಟ ಹತ್ತಿ ನೋಡಿದೆವು. ಆಳುಗಳಿಗೆ ಬೇಕಾದ್ದನ್ನು ಬಿಟ್ಟು ಹೆಚ್ಚಿಗೆ ಇರುವುದು ಎರಡೇ ಮೆಟ್ಟುಗತ್ತಿ, ಇನ್ನೊಂದನ್ನು ಆಚೆಮನೆಯಿಂದ ತರಬೇಕು.