ಸಹಾಯ ಬೇಕು: ಎಕ್ಸೆಲ್‌ನಲ್ಲಿ ಹೊಸ ಶೀಟ್ ಸೇರಿಸಬಹುದು, ಆದರೆ ಯಾರೂ ಡಿಲೀಟ್ ಮಾಡಬಾರದು

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ಮಂಡಿಯ ಲೆಕ್ಕ ಎಕ್ಸೆಲ್ 2016ರಲ್ಲಿದೆ. ಒಂದೊಂದು ಪಾರ್ಟಿಗೆ ಒಂದೊಂದು ಶೀಟ್, ಮುಂದುಗಡೆ ಒಂದು ಒಟ್ಟು ಶೀಟ್. ನಾಲ್ಕು ಜನ ಅದನ್ನು ಮುಟ್ಟುತ್ತಾರೆ. ಹೋದ ವಾರ ಯಾರೋ ಒಂದು ಶೀಟ್ ಡಿಲೀಟ್ ಮಾಡಿ ಸೇವ್ ಕೂಡ ಮಾಡಿಬಿಟ್ಟರು. ಒಟ್ಟು ಶೀಟಿನ ತುಂಬ ರೆಫ್ ಎರರ್ (#REF!, ಅಂದರೆ ಫಾರ್ಮುಲಾ ಹುಡುಕುವ ಶೀಟೇ ಇಲ್ಲ). ಶೀಟ್ ಡಿಲೀಟ್ ಆದರೆ ಕಂಟ್ರೋಲ್ ಝಡ್ ಕೆಲಸ ಮಾಡಲ್ಲ ಅಂತ ಅವತ್ತೇ ಗೊತ್ತಾಗಿದ್ದು!

ರಿವ್ಯೂ ಟ್ಯಾಬಿನಲ್ಲಿ ಪ್ರೊಟೆಕ್ಟ್ ವರ್ಕ್‌ಬುಕ್ ಒತ್ತಿ ಸ್ಟ್ರಕ್ಚರ್ ಲಾಕ್ ಮಾಡಿದೆ. ಡಿಲೀಟ್ ನಿಂತಿತು, ಆದರೆ ಹೊಸ ಶೀಟ್ ಸೇರಿಸುವುದು, ಹೆಸರು ಬದಲಿಸುವುದು ಎಲ್ಲವೂ ನಿಂತಿತು. ಹೊಸ ಪಾರ್ಟಿ ಬಂದಾಗಲೆಲ್ಲ ನನಗೇ ಫೋನು.

ವಿಬಿಎನಲ್ಲಿ (ಎಕ್ಸೆಲ್ ಒಳಗೇ ಕೋಡ್ ಬರೆಯುವ ಭಾಷೆ) ಶೀಟ್‌ಬಿಫೋರ್‌ಡಿಲೀಟ್ ಅಂತ ಇವೆಂಟ್ ಇದೆ, ಶೀಟ್ ಡಿಲೀಟ್ ಆಗುವ ಮುಂಚೆ ನಮ್ಮ ಕೋಡ್ ತಾನಾಗಿ ಓಡುತ್ತದೆ, ಆದರೆ ಅದರಲ್ಲಿ ಡಿಲೀಟ್ ತಡೆಯುವ ಕ್ಯಾನ್ಸಲ್ ಇಲ್ಲ, ಅಂದರೆ ಸುಮ್ನೆ ನೋಡ್ತಾ ನಿಲ್ಲಬೇಕು ಅಷ್ಟೆ. ಹಾಗಾಗಿ ಈಗ ಒಂದು ಬಟನ್ ಇಟ್ಟಿದ್ದೇನೆ: ಅದು ಲಾಕ್ ತೆಗೆದು, ಖಾಲಿ ಮಾದರಿ ಶೀಟನ್ನು ಕಾಪಿ ಮಾಡಿ, ಪಾರ್ಟಿ ಹೆಸರು ಕೊಟ್ಟು, ಮತ್ತೆ ಲಾಕ್ ಹಾಕುತ್ತದೆ. ತೊಂದರೆ ಏನಂದ್ರೆ ಇರುವ ಹೆಸರನ್ನೇ ಮತ್ತೆ ಕೊಟ್ಟರೆ, ಅಥವಾ ಹೆಸರು 31 ಅಕ್ಷರ ದಾಟಿದರೆ, ಬಟನ್ ಹಿಂದಿನ ಕೋಡ್ (ಮ್ಯಾಕ್ರೊ) ಅರ್ಧಕ್ಕೆ ನಿಲ್ಲುತ್ತದೆ, ಲಾಕ್ ತೆರೆದೇ ಉಳಿಯುತ್ತದೆ.

ಎರರ್ ಬಂದರೂ ಲಾಕ್ ಬೀಳುವ ಹಾಗೆ ಕೋಡ್ ಹೇಗೆ ಬರೆಯುವುದು? ಪಾಸ್‌ವರ್ಡ್ ಕೋಡಿನಲ್ಲೇ ಕಾಣುತ್ತದಲ್ವಾ, ಅದಕ್ಕೆ ವಿಬಿಎ ಪ್ರಾಜೆಕ್ಟಿಗೆ ಲಾಕ್ ಹಾಕಿದರೆ ಸಾಕಾ? ಕಳ್ಳರ ಭಯವೇನಿಲ್ಲ, ಕೈತಪ್ಪಿನದೇ ಜಾಸ್ತಿ. ಯಾರಾದರೂ ಮಾಡಿದ್ದರೆ ನಾಲ್ಕು ಸಾಲು ಕೋಡ್ ಹಾಕಿ, ಪ್ಲೀಸ್.